ಬಾವುಟ ಇಳಿಸಿದ ಮನೆಗೆ ಮೊಸರನ್ನ

ಡಿಸೆಂಬರ್ ಮೊದಲ ಬುಧವಾರ ಮಧ್ಯಾಹ್ನ ಎದುರುಮನೆಯ ಬಾವುಟ ಅರ್ಧ ಕಂಬಕ್ಕೆ ಇಳಿದಿತ್ತು. ಅಮೆರಿಕದ ಬಾವುಟ ಅಲ್ಲ, ಅದು ಪಾಪ ತನ್ನ ಕಂಬದಲ್ಲಿ ಪೂರ್ತಿ ಮೇಲೇ ಹಾರಾಡುತ್ತಿತ್ತು. ಇಳಿದದ್ದು ಪಕ್ಕದ ಕಂಬದ ಕೆಂಪು-ಬೂದು ಬಣ್ಣದ್ದು, ಒಹಾಯೊ ಸ್ಟೇಟ್ ಯೂನಿವರ್ಸಿಟಿಯದು. ಕೊಲಂಬಸ್ ಊರಲ್ಲಿ 14 ವರ್ಷದಿಂದ ಇದ್ದೇವೆ, ಆ ಬಾವುಟ ಇಳಿದದ್ದನ್ನು ಕಂಡಿರಲಿಲ್ಲ.

"ಯಾರೋ ತೀರಿಕೊಂಡಿರಬೇಕು ಕಣ್ರೀ" ಅಂದಳು ಮನೆಯವಳು. "ಇವತ್ತು ಅವರ ಮನೇಲಿ ಒಲೆ ಹಚ್ಚೋಲ್ಲ. ಮೊಸರನ್ನ ಕಲಸಿ ಕೊಡ್ತೀನಿ, ಕೊಟ್ಟು ಬನ್ನಿ."

ಡಬ್ಬಿ ಹಿಡಿದು ಹೋದೆ. ಬಾಗಿಲು ತೆರೆದ ಯಜಮಾನರ ಕಣ್ಣು ಕೆಂಪಗಿತ್ತು. ಅರವತ್ತು ದಾಟಿದ ಮನುಷ್ಯ, ಮೊಮ್ಮಕ್ಕಳಿದ್ದಾರೆ.

"ಸುದ್ದಿ ಕೇಳಿದಿರಾ?"

"ಬಹಳ ಬೇಜಾರಾಯಿತು. ಎಷ್ಟು ಹೊತ್ತಿಗೆ ಆಯಿತು?"

"ಹತ್ತು ಗಂಟೆಗೆ. ಲೈವ್ ತೋರಿಸಿದರು."

ನನಗೆ ಮೈ ಜುಂ ಅಂತು. ವಯಸ್ಸು ಎಷ್ಟು ಅಂದೆ. ಹದಿನೇಳು ಅಂದರು. ಎತ್ತರದ ಹುಡುಗ, ಆರಡಿ ನಾಲ್ಕಂಗುಲ, ಗಾಳಿ ಹಾಗೆ ಓಡ್ತಿದ್ದ ಅಂದರು. ನಾನು ಅವರ ಭುಜದ ಮೇಲೆ ಕೈ ಇಟ್ಟೆ. ಎಲ್ಲಿ ಅಂತ ಕೇಳಿದ್ದಕ್ಕೆ ಬಾಯಿ ಬಿಡಲಿಲ್ಲ, ಸುಮ್ನೆ ಕೈ ಎತ್ತಿ ಮೇಲೆ ತೋರಿಸಿದರು. ದೇವರ ಪಾದ ಸೇರಿದ ಅಂದುಕೊಂಡೆ.

ಆಮೇಲೆ ಗೊತ್ತಾಯಿತು. ಅವರು ತೋರಿಸಿದ್ದು ಆಕಾಶವನ್ನಲ್ಲ, ಉತ್ತರ ದಿಕ್ಕನ್ನು. ಹುಡುಗ ಸತ್ತಿರಲಿಲ್ಲ. ಅಮೆರಿಕನ್ ಫುಟ್‌ಬಾಲ್ ಆಡೋಕೆ ಒಹಾಯೊ ಸ್ಟೇಟ್ ಬಿಟ್ಟು ಅದರ ಬದ್ಧವೈರಿ ಮಿಶಿಗನ್ ಯೂನಿವರ್ಸಿಟಿ ಸೇರಿದ್ದ.

ಹುಡುಗ ಯಾರು ಅಂತ ನಿಮಗೆ ಗೊತ್ತೇ ಇರುತ್ತದೆ, ಅಮೆರಿಕದಲ್ಲಿದ್ದರೆ ಮೂರು ದಿನದಿಂದ ಬೇರೇನೂ ಕೇಳಿರೋಲ್ಲ. ಹೆಸರು ಬರೆಯೋಲ್ಲ. ಅವನಿಗೆ ಇನ್ನೂ ಹೈಸ್ಕೂಲೇ ಮುಗಿದಿಲ್ಲ, ಬೈಯುವವರಿಗೆ ವಿಳಾಸ ಹುಡುಕಿಕೊಡೋದು ನನ್ನ ಕೆಲಸ ಅಲ್ಲ.

ಹೆಸರಿನ ಮಾತು ಬಂತಲ್ಲ. ಈ ಊರಲ್ಲಿ ಮಿಶಿಗನ್ ಅನ್ನೋ ಶಬ್ದವನ್ನು ಬಾಯಲ್ಲಿ ಆಡಬಾರದು. 'ಆ ಉತ್ತರದ ಟೀಮು' ಅನ್ನಬೇಕು. ನಮ್ಮಜ್ಜಿ ಹೀಗೇ ಇದ್ದರು. ಅಜ್ಜನ ಹೆಸರು ಹೇಳುತ್ತಿರಲಿಲ್ಲ. 'ಇವರು' ಅಂತಲೋ, 'ಮನೇಲಿ ಹೇಳ್ತಾರೆ' ಅಂತಲೋ ಸುತ್ತಿ ಬಳಸಿ ಮುಗಿಸುತ್ತಿದ್ದರು. ತೀರಾ ಬಲವಂತ ಮಾಡಿದರೆ ಒಡಪು ಹಾಕಿ ಹೇಳುತ್ತಿದ್ದರು. ಅಜ್ಜಿಗಾದರೂ ಅದು ಗೌರವ. ಇಲ್ಲಿ ನವೆಂಬರ್ ಕೊನೆಯ ಶನಿವಾರದ ಪಂದ್ಯಕ್ಕೆ ಒಂದು ವಾರ ಇರುವಾಗ ಇಡೀ ಕ್ಯಾಂಪಸ್ಸಿನ ಬೋರ್ಡುಗಳಲ್ಲಿ ಎಲ್ಲೆಲ್ಲಿ 'ಎಂ' ಅಕ್ಷರ ಇದೆಯೋ ಅಲ್ಲೆಲ್ಲ ಕೆಂಪು ಟೇಪ್ ಅಂಟಿಸಿ ಕಾಟು ಹಾಕುತ್ತಾರೆ. ಮ್ಯೂಸಿಯಂ, ಮೆಡಿಕಲ್, ಮ್ಯಾಥಮ್ಯಾಟಿಕ್ಸ್, ಎಲ್ಲಕ್ಕೂ ತಲೆ ಇಲ್ಲ. ಇದು ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯ. 2022ರಲ್ಲಿ ಇಂಗ್ಲಿಷಿನ 'ದಿ' ಅನ್ನೋ ಪದಕ್ಕೇ ಟ್ರೇಡ್‌ಮಾರ್ಕ್ ಪಡೆದ ವಿಶ್ವವಿದ್ಯಾಲಯವೂ ಹೌದು. ಒಂದು ಪದ ಸಂಪಾದಿಸಿದರು, ಒಂದು ಅಕ್ಷರ ಕಳೆದುಕೊಂಡರು. ಲೆಕ್ಕ ಸರಿಯಾಯಿತು.

ಇನ್ನು ಆ ಸಮಾರಂಭ, ಹೈಸ್ಕೂಲ್ ಆಟಗಾರ ಮುಂದೆ ಯಾವ ಕಾಲೇಜಿಗೆ ಆಡ್ತೀನಿ ಅಂತ ಟೀವಿಯಲ್ಲಿ ಘೋಷಿಸೋದು. ನಮ್ಮ ಕಡೆ ಇದನ್ನು ಹೆಣ್ಣು ನೋಡೋ ಶಾಸ್ತ್ರ ಅಂತೀವಿ, ಉಪ್ಪಿಟ್ಟು ಕೇಸರಿಬಾತ್ ಇರುತ್ತದೆ. ಇಲ್ಲಿ ಶಾಲೆಯ ಜಿಮ್‌ನಲ್ಲಿ ಒಂದು ಟೇಬಲ್ಲು, ಅದರ ಮೇಲೆ ಮೂರು ಟೋಪಿ, ಒಂದೊಂದು ಕಾಲೇಜಿನದು ಒಂದೊಂದು. ಹಿಂದೆ ಅಪ್ಪ, ಅಮ್ಮ, ಅಜ್ಜಿ, ತಮ್ಮ. ಹುಡುಗ ಒಂದು ಟೋಪಿಗೆ ಕೈ ಹಾಕುತ್ತಾನೆ, ಎತ್ತುತ್ತಾನೆ, ನಗುತ್ತಾನೆ, ಕೆಳಗಿಡುತ್ತಾನೆ, ಇನ್ನೊಂದನ್ನು ಹಾಕಿಕೊಳ್ಳುತ್ತಾನೆ. 2011ರಲ್ಲಿ ಐಸೇಯ ಕ್ರೊವೆಲ್ ಅನ್ನುವ ಹುಡುಗನಿಗೆ ಟೋಪಿ ಸಾಲಲಿಲ್ಲ, ಜೀವಂತ ಬುಲ್‌ಡಾಗ್ ಮರಿಯನ್ನೇ ಎತ್ತಿ ತೋರಿಸಿ, ಬುಲ್‌ಡಾಗ್ ಲಾಂಛನದ ಜಾರ್ಜಿಯಾ ಸೇರಿದ. ಮುಂದಿನ ವರ್ಷ ಲ್ಯಾಂಡನ್ ಕಾಲಿನ್ಸ್ ಟೀವಿಯಲ್ಲಿ ಅಲಬಾಮ ಅಂತ ಹೇಳಿದಾಗ ಪಕ್ಕದಲ್ಲೇ ಕೂತಿದ್ದ ಅವನ ತಾಯಿ ತಲೆ ಅಲ್ಲಾಡಿಸಿದರು. ಅವರದು ಲೂಸಿಯಾನ, ಅಲ್ಲಿನ ಯೂನಿವರ್ಸಿಟಿ ಎಲ್‌ಎಸ್‌ಯು ಮೇಲೆ ಅಭಿಮಾನ. ಇಡೀ ದೇಶದ ಮುಂದೆ ಮಗನ ಎದುರು ಪಕ್ಷ. ಅವನ ಮೊದಲ ಸೀಸನ್ನಿನಲ್ಲೇ ಅಲಬಾಮ ರಾಷ್ಟ್ರ ಚಾಂಪಿಯನ್. ತಾಯಿ ಮಾತು ಕೇಳಬೇಕು ಅನ್ನೋ ನೀತಿಗೆ ಆ ವರ್ಷ ಸ್ವಲ್ಪ ಹಿನ್ನಡೆ.

ಅತಿ ಚೆಂದದ್ದು ಸೈರಸ್ ಕೊವಾಂಜಿಯೋ ಕಥೆ. ಅದೂ 2011ರದೇ. ಟೀವಿಯಲ್ಲಿ ಆಬರ್ನ್ ಅಂತ ಘೋಷಿಸಿದ. ಆಬರ್ನ್ ಊರಲ್ಲಿ ಹಬ್ಬ. ಆದರೆ ಸಹಿ ಹಾಕಿದ ಕಾಗದ ಕಳಿಸಲೇ ಇಲ್ಲ. ಕೆಲವೇ ದಿನದಲ್ಲಿ ಅದೇ ರಾಜ್ಯದ ಕಡುವೈರಿ ಅಲಬಾಮಕ್ಕೆ ಹೋದ. ತಾಂಬೂಲ ಒಬ್ಬರ ಜೊತೆ, ಧಾರೆ ಇನ್ನೊಬ್ಬರ ಜೊತೆ. ನಮ್ಮೂರಲ್ಲಾದರೆ ಕೊಟ್ಟ ಸೀರೆ ವಾಪಸ್ ಕೇಳುತ್ತಿದ್ದರು.

ಎದುರುಮನೆಯವರ ವಿಷಯಕ್ಕೆ ಬರುತ್ತೇನೆ. ಬುಧವಾರ ಬೆಳಗ್ಗೆ 9:55ರ ತನಕ ಆ ಹುಡುಗ ತಲೆಮಾರಿಗೊಬ್ಬ. ಅವನ ಹೈಸ್ಕೂಲ್ ವೀಡಿಯೊಗಳನ್ನು ಇವರು ಎಷ್ಟು ಸಲ ನೋಡಿದ್ದರೆಂದರೆ ಅವನ ತಾಯಿಯೂ ಅಷ್ಟು ನೋಡಿರಲಾರಳು. ನಾನು ಕೂತು ಸಮಾಧಾನ ಹೇಳುತ್ತಿದ್ದ ಮಧ್ಯಾಹ್ನದ ಹೊತ್ತಿಗೆ ಅವನು ದಂಡಪಿಂಡ ಆಗಿದ್ದ. ನಮಗೆ ಅವನು ಬೇಕೇ ಇರಲಿಲ್ಲ, ಕೋಚ್‌ಗಳೇ ಕೈಬಿಟ್ಟಿದ್ದರು, ಅವನಿಗೆ ಫೈವ್ ಸ್ಟಾರ್ ರೇಟಿಂಗ್ ಕೊಟ್ಟವರಿಗೆ ಕಣ್ಣಿಲ್ಲ. "ಮುಖ್ಯ ಏನು ಗೊತ್ತಾ, ಅವನ ಸೊಂಟ ಗಟ್ಟಿ, ತಿರುಗೋಲ್ಲ" ಅಂದರು. ಹೋದ ಏಪ್ರಿಲ್‌ನಲ್ಲಿ ತಮ್ಮ ಸೊಂಟದ ಕೀಲು ಬದಲಾಯಿಸಿಕೊಂಡ ಮನುಷ್ಯ, ಸೋಫಾದಿಂದ ಏಳೋಕೆ ನನ್ನ ಕೈ ಹಿಡಿದುಕೊಂಡು, ಇದನ್ನು ಹೇಳಿದರು. ದ್ರಾಕ್ಷಿ ಹುಳಿ ಅಂದ ನರಿ ಕೂಡ ಬಳ್ಳಿಗೆ ಸೊಂಟ ಸರಿಯಿಲ್ಲ ಅಂದಿರಲಿಲ್ಲ.

ಮೊಸರನ್ನ ಮಾತ್ರ ಪೂರ್ತಿ ತಿಂದರು. ಒಗ್ಗರಣೆಯ ಮೆಣಸಿನಕಾಯಿ ಸಮೇತ.

ಈ ದ್ವೇಷ ಎಲ್ಲಿಂದ ಬಂತು ಅಂತ ಒಮ್ಮೆ ಓದಿ ನೋಡಿದೆ. ನಮ್ಮವರು ಕೇಳಿದರೆ ಒಂಥರಾ ತೃಪ್ತಿ ಆಗುತ್ತದೆ, ಇದು ಗಡಿ ಜಗಳ! ನಮಗೆ ಬೆಳಗಾವಿ ಹೇಗೋ ಇವರಿಗೆ ಟೊಲೆಡೊ. 1835ರಲ್ಲಿ ಒಹಾಯೊ, ಮಿಶಿಗನ್ ಎರಡೂ ಆ ಊರಿನ ಪಟ್ಟಿ ನಮ್ಮದು ಅಂದವು, ಎರಡೂ ಕಡೆ ಸೈನ್ಯ ಎದ್ದಿತು. ಯುದ್ಧದಲ್ಲಿ ಗಾಯಗೊಂಡವನು ಹೆಚ್ಚೂಕಡಿಮೆ ಒಬ್ಬನೇ, ಮಿಶಿಗನ್ ಕಡೆಯ ಒಬ್ಬ ಡೆಪ್ಯುಟಿ ಶೆರೀಫ್. ಅವನಿಗೂ ಬಿದ್ದದ್ದು ಜೇಬಿನ ಚಾಕುವಿನ ಏಟು, ಬದುಕಿಕೊಂಡ. ಚುಚ್ಚಿದವನ ಹೆಸರು ಟು ಸ್ಟಿಕ್ನಿ. ಟು ಅಂದರೆ ಎರಡು. ಅವನ ಅಣ್ಣನ ಹೆಸರು ಒನ್. ಅಪ್ಪ ಮಕ್ಕಳಿಗೆ ಒಂದು, ಎರಡು ಅಂತ ಹೆಸರಿಟ್ಟಿದ್ದ. ನಾಮಕರಣಕ್ಕೆ ಜೋಯಿಸರ ಖರ್ಚು ಉಳಿಯಿತು. ಕೊನೆಗೆ ಟೊಲೆಡೊ ಒಹಾಯೊಗೆ ಸಿಕ್ಕಿತು, ಮಿಶಿಗನ್‌ಗೆ ಸಮಾಧಾನಕ್ಕೆ ಅಂತ ಮೇಲಿನ ಪರ್ಯಾಯದ್ವೀಪ ಕೊಟ್ಟರು, ಅಲ್ಲಿ ನೋಡಿದರೆ ತಾಮ್ರ, ಕಬ್ಬಿಣ. ಸೋತವನೇ ಗೆದ್ದ.

ಟೊಲೆಡೊ ಗೆದ್ದು ಒಹಾಯೊ ಏನು ಮಾಡಿತು? ಅಲ್ಲಿ 1963ರಲ್ಲಿ ಜಿಮ್ ಹಾರ್ಬಾ ಹುಟ್ಟಿದ. ಮಿಶಿಗನ್‌ಗೆ ಕ್ವಾರ್ಟರ್‌ಬ್ಯಾಕ್, ಅಂದರೆ ಟೀಮಿನ ದಾಳಿ ನಡೆಸುವವನಾಗಿ ಆಡಿದ, ಆಮೇಲೆ ಕೋಚ್ ಆಗಿ ಬಂದು ಒಹಾಯೊ ಸ್ಟೇಟನ್ನು ಬಡಿದ. ಮಿಶಿಗನ್ನಿನವರು ದೇವರಂತೆ ಕಾಣೋ ಕೋಚ್ ಬೋ ಶೆಂಬೆಕ್ಲರ್? ಒಹಾಯೊದ ಬಾರ್ಬರ್ಟನ್ ಊರಿನವನು, ಒಹಾಯೊ ಸ್ಟೇಟ್‌ನಲ್ಲೇ ಸಹಾಯಕ ಕೋಚ್ ಆಗಿದ್ದವನು. 1991ರಲ್ಲಿ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡೋ ಹೈಸ್ಮನ್ ಟ್ರೋಫಿ ಗೆದ್ದ ಮಿಶಿಗನ್ನಿನ ಡೆಸ್ಮಂಡ್ ಹೊವರ್ಡ್, ಕ್ಲೀವ್‌ಲ್ಯಾಂಡ್ ಹುಡುಗ. ಒಹಾಯೊ ಸ್ಟೇಟ್ ವಿರುದ್ಧ ಟಚ್‌ಡೌನ್ ಮಾಡಿ ಆ ಟ್ರೋಫಿಯ ಗೊಂಬೆ ಥರ ಭಂಗಿ ಕೊಟ್ಟು ನಿಂತ. 1997ರಲ್ಲಿ ಅದೇ ಟ್ರೋಫಿ ಗೆದ್ದ ಚಾರ್ಲ್ಸ್ ವುಡ್ಸನ್, ಒಹಾಯೊದ ಫ್ರೀಮಾಂಟ್ ಊರಿನವನು. ಅಂದರೆ ಉತ್ತರಕ್ಕೆ ಹೋಗೋ ಒಹಾಯೊ ಹುಡುಗರದು ಪರಂಪರೆ, ದ್ರೋಹ ಅಲ್ಲ. ಎದುರುಮನೆಯವರಿಗೆ ಇದನ್ನು ಹೇಳಿದೆ. ಡಬ್ಬಿ ತೊಳೆದು ಆಮೇಲೆ ಕೊಡ್ತೀನಿ ಅಂದರು, ಹೊರಡಿ ಅನ್ನೋ ಅರ್ಥದಲ್ಲಿ.

ಜಗಳ ಈಗಲೂ ಹಾಗೇ ಇದೆ. 2024ರ ನವೆಂಬರ್ 30ರಂದು ಮಿಶಿಗನ್ ಇಲ್ಲಿಗೇ ಬಂದು 13-10ಕ್ಕೆ ಗೆದ್ದು ಮೈದಾನದ ನಡುವೆ ಬಾವುಟ ನೆಡೋಕೆ ಹೋಯಿತು. ಹೊಡೆದಾಟ ಆಯಿತು, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಕೆಲವೇ ದಿನದಲ್ಲಿ ಒಬ್ಬ ಶಾಸಕರು ಮಸೂದೆ ತಂದರು. ಪಂದ್ಯದ ದಿನ ಆ ಮೈದಾನದ ಮಧ್ಯೆ ಬಾವುಟ ನೆಟ್ಟರೆ ಫೆಲನಿ, ಅಂದರೆ ದರೋಡೆಯ ಸಾಲಿಗೆ ಸೇರೋ ಅಪರಾಧ. ನಮ್ಮ ವಿಧಾನಸೌಧ ಮಾತ್ರ ಹೀಗೆ ಅಂದುಕೊಂಡಿದ್ದೆ, ಮನಸ್ಸಿಗೆ ಹಗುರ ಆಯಿತು. ಅಂದು ಕೋಚ್ ರಯನ್ ಡೇಯನ್ನು ಓಡಿಸಿ ಅಂತ ಊರೆಲ್ಲ ಕೂಗಿತು. ಜನವರಿಯಲ್ಲಿ ಅದೇ ಡೇ ರಾಷ್ಟ್ರ ಚಾಂಪಿಯನ್‌ಷಿಪ್ ಗೆದ್ದಾಗ ಓಡಿಸಿ ಅಂದವನು ಒಬ್ಬನೂ ಸಿಗಲಿಲ್ಲ. ನಮ್ಮ ಬೀದಿಯಲ್ಲೇ ಹುಡುಕಿದೆ.

ನಿಷ್ಠೆ ಇಲ್ಲ, ದುಡ್ಡಿಗೆ ಬಿದ್ದ. ಇದು ಹುಡುಗನ ಮೇಲಿನ ದೊಡ್ಡ ಆರೋಪ. ಸರಿ, ದುಡ್ಡಿನ ಕಥೆಯನ್ನೂ ನೋಡೋಣ. ಇದೇ ಒಹಾಯೊ ಸ್ಟೇಟ್‌ನಲ್ಲಿ ಕೆಲವು ಹುಡುಗರು ತಮ್ಮದೇ ಜೆರ್ಸಿ, ಉಂಗುರ ಮಾರಿ ಹಚ್ಚೆ ಹಾಕಿಸಿಕೊಂಡರು ಅಂತ 2010ರಲ್ಲಿ ರಾದ್ಧಾಂತ ಆಗಿ, ಮುಂದಿನ ವರ್ಷ ಕೋಚ್ ರಾಜೀನಾಮೆ ಕೊಟ್ಟು, ಆ ಸೀಸನ್ನಿನ ಗೆಲುವುಗಳೆಲ್ಲ ದಾಖಲೆಯಿಂದಲೇ ಅಳಿಸಿಹೋದವು. ಹಚ್ಚೆಗೆ! ಆಗ ಕಾಲೇಜು ಆಟಗಾರರು ಆಟದ ಹೆಸರಲ್ಲಿ ಕಾಸು ಮಾಡುವಂತಿರಲಿಲ್ಲ. 2021ರ ಜುಲೈ 1ರಿಂದ ಆಟಗಾರರು ಜಾಹೀರಾತಿಗೆ ತಮ್ಮ ಹೆಸರು, ಮುಖ ಮಾರಿ ಸಂಪಾದಿಸಬಹುದು ಅಂತಾಯಿತು. 2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಕೊಡಬಹುದು, ಮೊದಲ ವರ್ಷಕ್ಕೆ ಒಂದೊಂದು ಕಾಲೇಜಿಗೆ ಸುಮಾರು 20.5 ಮಿಲಿಯನ್ ಡಾಲರ್ ಮಿತಿ ಇತ್ತು. 2024ರಲ್ಲಿ ಬ್ರೈಸ್ ಅಂಡರ್‌ವುಡ್ ಅನ್ನೋ ಹೈಸ್ಕೂಲ್ ಹುಡುಗ ಎಲ್‌ಎಸ್‌ಯುಗೆ ಕೊಟ್ಟ ಮಾತು ಬಿಟ್ಟು ಮಿಶಿಗನ್‌ಗೆ ತಿರುಗಿದಾಗ ದುಡ್ಡಿನ ಹಿಂದೆ ಕೇಳಿಬಂದ ಹೆಸರು ಒರೇಕಲ್‌ನ ಲ್ಯಾರಿ ಎಲಿಸನ್ ಅವರದು. ನನ್ನ ಹೊಟ್ಟೆಪಾಡಿನ ಡೇಟಾಬೇಸ್ ಮಾಡಿದ ಪುಣ್ಯಾತ್ಮ. ಎದುರುಮನೆಯವರು ಅಂದಿನಿಂದ ನನ್ನನ್ನು ಸ್ವಲ್ಪ ಸಂಶಯದಿಂದಲೇ ನೋಡುತ್ತಾರೆ.

ಹುಡುಗನಿಗೆ ನಿಷ್ಠೆ ಬೇಕು, ಒಪ್ಪಿದೆ. ಲೇನ್ ಕಿಫಿನ್ ಟೆನ್ನೆಸ್ಸಿಯಲ್ಲಿ ಒಂದೇ ಸೀಸನ್ ಕೋಚ್ ಆಗಿದ್ದು 2010ರ ಜನವರಿಯಲ್ಲಿ ಎದ್ದು ಹೋದ, ಅಲ್ಲಿನ ಹುಡುಗರು ಬೀದಿಯಲ್ಲಿ ಹಾಸಿಗೆ ಸುಟ್ಟರು. ಅದೇ ಮನುಷ್ಯ 2025ರಲ್ಲಿ ಓಲ್ ಮಿಸ್ ಟೀಮು 11 ಪಂದ್ಯ ಗೆದ್ದು ಪ್ಲೇಆಫ್ ಹೊಸ್ತಿಲಲ್ಲಿ ನಿಂತಿರುವಾಗ ಅದನ್ನು ಬಿಟ್ಟು ಎಲ್‌ಎಸ್‌ಯುಗೆ ನಡೆದ. ನಾನು ಅಲಬಾಮ ಕೋಚ್ ಆಗೋಲ್ಲ ಅಂತ 2006ರ ಡಿಸೆಂಬರ್‌ನಲ್ಲಿ ಹೇಳಿದ ನಿಕ್ ಸೇಬನ್ ಎರಡೇ ವಾರದಲ್ಲಿ ಅಲಬಾಮ ಕೋಚ್. ಅವನ ಪ್ರತಿಮೆ ಅಲ್ಲಿ ನಿಂತಿದೆ. ಬಿಗ್ ಟೆನ್ ಅನ್ನೋ ಲೀಗ್‌ನಲ್ಲಿ ಈಗ 18 ಟೀಮು, ಟೀವಿ ದುಡ್ಡಿಗಾಗಿ ಲಾಸ್ ಏಂಜಲೀಸ್‌ವರೆಗೂ ಹೋಗಿದೆ, ಹೆಸರು ಇನ್ನೂ ಹತ್ತು. ಇವರೆಲ್ಲ ಹೋದರೆ 'ಬಿಸಿನೆಸ್'. ತನ್ನ ಮೊಣಕಾಲು ಇನ್ನೆಷ್ಟು ವರ್ಷ ಇರುತ್ತೋ ಗೊತ್ತಿಲ್ಲದ ಹುಡುಗ ಕಾರಲ್ಲಿ ಮೂರು ಗಂಟೆ ದೂರದ ಊರಿಗೆ ಹೋದರೆ ದ್ರೋಹ.

ಮೊಣಕಾಲು ಅಂದದ್ದು ಸುಮ್ನೆ ಅಲ್ಲ. ಎದ್ದು ಬರುವಾಗ ಎದುರುಮನೆಯವರು ಫೋನ್ ತೋರಿಸಿದರು. ಹುಡುಗನಿಗೆ ತಾವೇ ಕಳಿಸಿದ ಸಂದೇಶ. ನಿನ್ನ ಮೊಣಕಾಲು ಮುರಿಯಲಿ, ನಿಮ್ಮಮ್ಮ ಅದನ್ನು ನೋಡಲಿ ಅಂತ. ಕೆಳಗೆ ಅಂಥವೇ ನೂರಾರು ಇದ್ದವು. ಹೆಮ್ಮೆಯಿಂದ ತೋರಿಸಿದರು. ಈ ಮನುಷ್ಯ ಹಿಮ ಬಿದ್ದಾಗ ನಮ್ಮ ಮನೆ ಮುಂದಿನದನ್ನೂ ತೆಗೆದುಕೊಡುತ್ತಾರೆ. ಒಳ್ಳೆಯವರು. ಥೂ, ಏನು ಒಳ್ಳೆಯವರು? 17 ವರ್ಷದ ಮಗು ರಾತ್ರಿ ಮಲಗೋ ಮುಂಚೆ ಇದನ್ನು ಓದಬೇಕಾ? ಯಾಕೆ, ಯಾವ ಟೋಪಿ ಹಾಕಿಕೊಂಡಿದ್ದಕ್ಕೆ? ನಾವೇನು ಕಡಿಮೆ ಅಲ್ಲ, ಗೊತ್ತು. ಕ್ಯಾಚ್ ಬಿಟ್ಟವನ ಹೆಂಡತಿ ಮಕ್ಕಳನ್ನೂ ಬಿಡದೆ ಬೈಯೋರು ನಮ್ಮವರೇ. ಓದಿ ಓದಿ ಸಾಕಾಗಿದೆ. ಅವತ್ತು ನಾನೂ ಏನೂ ಹೇಳಲಿಲ್ಲ. ಗುಡ್ ನೈಟ್ ಅಂದು ಬಂದೆ. ಮಧ್ಯಾಹ್ನ ಎರಡು ಗಂಟೆಗೆ.

ಡಬ್ಬಿ ಶುಕ್ರವಾರ ಬಂತು. ತೊಳೆದು, ಒಳಗೆ ಬಕೈ ಮಿಠಾಯಿ ತುಂಬಿದ್ದರು, ಕಡಲೆಕಾಯಿ ಬೆಣ್ಣೆಯ ಉಂಡೆಗೆ ಚಾಕೊಲೇಟು ಬಳಿದದ್ದು. ಖಾಲಿ ಡಬ್ಬಿ ಕೊಡಬಾರದು ಅಂತ ಇವರಿಗೆ ಯಾರು ಹೇಳಿಕೊಟ್ಟರೋ. ಬಾವುಟವೂ ಮೇಲೇರಿತ್ತು. ಮಿಶಿಗನ್‌ಗೆ ಮಾತು ಕೊಟ್ಟಿದ್ದ ಒಬ್ಬ ಹುಡುಗ ಕೊನೇ ಗಳಿಗೆಯಲ್ಲಿ ಇಲ್ಲಿಗೆ ತಿರುಗಿದನಂತೆ. "ಬಹಳ ಪ್ರಬುದ್ಧ ಹುಡುಗ, ಮನಸ್ಸಿನ ಮಾತು ಕೇಳಿದ" ಅಂದರು. ಸೊಂಟ ಹೇಗಿದೆ ಅಂದೆ. ಬೆಣ್ಣೆ ಅಂದರು.

ಹೋಗುವಾಗ ನಮ್ಮ ಮಗನನ್ನು ವಿಚಾರಿಸಿದರು. ಹನ್ನೆರಡನೇ ಕ್ಲಾಸ್ ಅಲ್ವಾ, ಮುಂದೆ ಎಲ್ಲಿ? ಇನ್ನೂ ನೋಡ್ತಿದ್ದಾನೆ ಅಂದೆ. ಅವನ ಅರ್ಜಿ ಅಕ್ಟೋಬರ್‌ನಲ್ಲೇ ಆ್ಯನ್ ಆರ್ಬರ್‌ಗೆ, ಅಂದರೆ ಮಿಶಿಗನ್ ಯೂನಿವರ್ಸಿಟಿ ಇರೋ ಊರಿಗೆ, ಹೋಗಿದೆ, ಎಂಜಿನಿಯರಿಂಗ್‌ಗೆ. ಕಾಲೇಜು ನೋಡಿ ಬಂದಾಗ ಹಳದಿ-ನೀಲಿಯ ಟೀ ಶರ್ಟ್ ಒಂದು ಕೊಂಡು ತಂದಿದ್ದಾನೆ. ಬಾಗಿಲು ಹಾಕಿ ಒಳಗೆ ಬಂದರೆ ಮನೆಯವಳು ಬಟ್ಟೆ ಬುಟ್ಟಿ ಹಿಡಿದು ಹೊರಗೆ ಹೊರಟಿದ್ದಳು, ಬಿಸಿಲು ಚೆನ್ನಾಗಿದೆ, ಹರವಿ ಬರ್ತೀನಿ ಅಂತ. ಬುಟ್ಟಿಯ ಮೇಲುಗಡೆಯೇ ಅದಿತ್ತು.

"ಬೇಡ ಮಾರಾಯ್ತಿ" ಅಂದೆ. "ಡ್ರೈಯರ್‌ಗೆ ಹಾಕು."