ಫೈಲಿನಲ್ಲಿ ನಿಂತಿರುವ ಕಾರು

ಬೆಂಗಳೂರಿನ ಯಾವುದಾದರೂ ಬೇಸ್‌ಮೆಂಟ್ ಮನೆಯ ಪ್ಲಾನ್ ಬಿಡಿಸಿ ನೋಡಿ. ನೆಲದಡಿಯಲ್ಲಿ ಎರಡೂವರೆ ಮೀಟರ್ ಅಗಲದ ಆಯತ, ಅದರೊಳಗೆ ಆಮೆಯಂತೆ ಬರೆದ ಒಂದು ಕಾರು. ಈಗ ಅದೇ ವಿಳಾಸಕ್ಕೆ ಹೋಗಿ. ಆಯತದೊಳಗೆ ಎರಡು ಮಂಚ, ಒಂದು ಇಂಡಕ್ಷನ್ ಒಲೆ, ಮೊಳೆಗೆ ನೇತುಹಾಕಿದ ಐಡಿ ಕಾರ್ಡು. ಕಾರು ಹೊರಗಡೆ, ಚರಂಡಿ ಚಪ್ಪಡಿಯ ಮೇಲೆ ಎರಡು ಚಕ್ರ, ರಸ್ತೆಗೆ ಎರಡು ಚಕ್ರ ಚಾಚಿ, ಬೂದು ಹೊದಿಕೆ ಹೊದ್ದು ಮಲಗಿದೆ. ಕಾರಿನ ಕೋಣೆಯಲ್ಲಿ ಮನುಷ್ಯರು, ಮನುಷ್ಯರ ಫುಟ್‌ಪಾತಿನಲ್ಲಿ ಕಾರು. ನಡೆಯುವವರು ಬಸ್ಸಿನ ಮುಂದೆ.

ರಾಷ್ಟ್ರೀಯ ಕಟ್ಟಡ ಸಂಹಿತೆ ಬೇಸ್‌ಮೆಂಟಿಗೆ 2.4 ಮೀಟರ್ ಎತ್ತರ ಸಾಕು ಅನ್ನುತ್ತದೆ, ವಾಸದ ಕೋಣೆಗಾದರೆ 2.75 ಬೇಕು ಅನ್ನುತ್ತದೆ. ಕಾರು ಬೆಳಿಗ್ಗೆದ್ದು ಮೈಮುರಿಯುವುದಿಲ್ಲವಲ್ಲ! ಕೊರತೆ ಬಿದ್ದ ಆ 35 ಸೆಂಟಿಮೀಟರನ್ನು ಮಾಲೀಕರು ಸರಿದೂಗಿಸುವ ಬಗೆ ನೋಡಬೇಕು: ಹಳೇ ನೆಲದ ಮೇಲೇ ಟೈಲ್ಸ್ ಹಾಸಿ ಎರಡು ಇಂಚು, ಪೈಪು ಕಾಣಬಾರದೆಂದು ಫಾಲ್ಸ್ ಸೀಲಿಂಗ್ ಹೊಡೆಸಿ ಆರು ಇಂಚು, ಒಟ್ಟು ಎಂಟಿಂಚು ಇನ್ನೂ ನುಂಗುತ್ತಾರೆ. ಸೀಲಿಂಗ್ ಫ್ಯಾನ್ ಹಾಕಿದರೆ ಅಂಗಿ ತೊಡುವಾಗ ಕೈ ಹೋದೀತು, ಹಾಗಾಗಿ ಗೋಡೆ ಫ್ಯಾನು. ಬಾಡಿಗೆ ಮಾತ್ರ ಪೂರ್ತಿ ಎತ್ತರದ್ದು.

ಇನ್ನು ತೇವ. ನೆಲದಡಿಯ ಗೋಡೆಗೆ ವಾಟರ್‌ಪ್ರೂಫಿಂಗ್ ಮಾಡಬೇಕಾದದ್ದು ಹೊರಮೈಗೆ, ಮಣ್ಣು ತುಂಬುವ ಮೊದಲು. ಆ ದಿನ ಮೇಸ್ತ್ರಿ ಬೇರೆ ಸೈಟಿನಲ್ಲಿರುತ್ತಾನೆ. ಮೂರು ಮಳೆಗಾಲ ಕಳೆದ ಮೇಲೆ ಒಳಮೈಗೆ ಬಳಿಸುತ್ತಾರೆ. ಹೊರಗೆ ಒಂದು ಮೀಟರ್ ನೀರು ನಿಂತರೆ ಗೋಡೆಯ ಬುಡದ ಚದರ ಮೀಟರಿಗೆ ಒಂದು ಟನ್ ಒತ್ತಡ. ಅದನ್ನು ಡಬ್ಬಿಯ ಬಣ್ಣ ಒಳಗಿನಿಂದ ತಡೆದು ನಿಲ್ಲಿಸಬೇಕಂತೆ. ಮೊದಲು ಹಪ್ಪಳದ ಹಾಗೆ ಉಬ್ಬುತ್ತದೆ, ಆಮೇಲೆ ಬಿಳೀ ಉಪ್ಪು ಅರಳುತ್ತದೆ, ಕೊನೆಗೆ ಪಿವಿಸಿ ಪ್ಯಾನೆಲ್ ಬರುತ್ತದೆ. ತೇವ ನಿಲ್ಲುವುದಿಲ್ಲ, ಕಾಣುವುದಿಲ್ಲ ಅಷ್ಟೆ. (ಈ ವಿದ್ಯೆಯನ್ನು ಮಾಲೀಕರು ಪಾಲಿಕೆಯಿಂದ ಕಲಿತರೋ, ಪಾಲಿಕೆ ಮಾಲೀಕರಿಂದ ಕಲಿತಿತೋ!) ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ ಒಂದು ದಿನ ಬಿಟ್ಟರೆ ವಿಷಯ ತಿಳಿಯುತ್ತದೆ. ಹಾಳೆಯ ಕೆಳಮೈಗೆ ಹನಿಗಟ್ಟಿದರೆ ನೀರು ನೆಲದಿಂದ ಏರುತ್ತಿದೆ; ಮೇಲ್ಮೈಗೆ ಹನಿಗಟ್ಟಿದರೆ ಗಾಳಿಯದ್ದು, ಎಕ್ಸಾಸ್ಟ್ ಫ್ಯಾನ್ ಬೇಕು. ಇಷ್ಟು ಅಗ್ಗದ ಪರೀಕ್ಷೆಯನ್ನು ನಂಬುವುದು ಹೇಗೆ ಎಂದು ಯಾರೂ ಮಾಡುವುದಿಲ್ಲ.

ಅಸಲಿ ವೈಭವ ಇರುವುದು ಟಾಯ್ಲೆಟ್ಟಿನಲ್ಲಿ. ಬೇಸ್‌ಮೆಂಟಿನ ಕಮೋಡು ರಸ್ತೆಯಡಿಯ ಒಳಚರಂಡಿ (ಯುಜಿಡಿ) ಲೈನಿಗಿಂತ ಕೆಳಗೆ ಬೀಳುತ್ತದೆ. ಕೊಳಚೆಯನ್ನು ಮುಚ್ಚಿದ ತೊಟ್ಟಿಗೆ ಇಳಿಸಿ, ಗಟ್ಟಿ ಪದಾರ್ಥವನ್ನೂ ಎತ್ತಬಲ್ಲ ಪಂಪಿನಿಂದ ರಸ್ತೆಮಟ್ಟಕ್ಕಿಂತ ಮೇಲೇರಿಸಿ, ಹಿಂದಕ್ಕೆ ಹರಿಯಗೊಡದ ನಾನ್‌ರಿಟರ್ನ್ ವಾಲ್ವ್ ದಾಟಿಸಿ ಲೈನಿಗೆ ಬಿಡಬೇಕು. ಅದರ ಬದಲು ಕಮೋಡನ್ನೇ ಮೂರು ಮೆಟ್ಟಿಲಿನ ಕಟ್ಟೆಯ ಮೇಲೆ ಕೂರಿಸುತ್ತಾರೆ. ಬಾಡಿಗೆಯವನು ಸಿಂಹಾಸನ ಏರಿ, ತೊಲೆಗೆ ತಲೆ ತಾಗದಂತೆ ಬಗ್ಗಿ ವಿರಾಜಮಾನನಾಗುತ್ತಾನೆ. ಜೋರು ಮಳೆಗೆ ಚೇಂಬರ್ ತುಂಬಿತೋ, ಇಡೀ ಬೀದಿಯದ್ದು ಮೊದಲು ಉಕ್ಕುವುದು ಅವನ ಬಚ್ಚಲಿನ ಜಾಲರಿಯಲ್ಲಿ.

ಆಗ ಮೋಟಾರಿಗೆ ಓಡಾಟ. ಮೂಲೆಯಲ್ಲಿ ಎರಡಡಿ ಚೌಕ, ಮೂರಡಿ ಆಳದ ಗುಂಡಿ, ಅದರಲ್ಲಿ ನೀರು ಏರಿದೊಡನೆ ತಾನೇ ಚಾಲೂ ಮಾಡುವ ಫ್ಲೋಟ್ ಸ್ವಿಚ್ ಇರುವ ಸಬ್‌ಮರ್ಸಿಬಲ್ ಪಂಪು, ಬೋರ್ಡಿನಲ್ಲಿ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಎದೆಮಟ್ಟದಲ್ಲಿ ಪ್ಲಗ್ ಪಾಯಿಂಟು: ಇವು ಮೊದಲೇ ಇರಬೇಕಾದ ಸಾಮಾನು. ಇರುವುದು ಎರವಲು ತಂದ ಮೋಟಾರು, ಪಿನ್ ಇಲ್ಲದ ವೈರು, ಅದನ್ನು ಸಾಕೆಟ್ಟಿಗೆ ಬಿಗಿಯಲು ಎರಡು ಬೆಂಕಿಕಡ್ಡಿ. 2025ರ ಮೇ ತಿಂಗಳಲ್ಲಿ ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟೊಂದರ ತಳಮಹಡಿಗೆ ನುಗ್ಗಿದ ನೀರನ್ನು ಹೊರಹಾಕುವ ಹೊತ್ತಿನಲ್ಲಿ ಕರೆಂಟ್ ಹೊಡೆದು ಇಬ್ಬರು ಸತ್ತರು. ಒಬ್ಬನಿಗೆ 12 ವರ್ಷ.

ನಿಯಮ ಮೀರಿದ ಕಟ್ಟಡವನ್ನು ದಂಡ ಕಟ್ಟಿಸಿಕೊಂಡು ಒಪ್ಪಿಬಿಡುವ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ಕೊಟ್ಟಿತು. ಮಾಲೀಕರ ಆಸೆ ಮಾತ್ರ ಬೇಸ್‌ಮೆಂಟಿನ ಗೋಡೆಯ ಹಾಗೆ, ಒಣಗುವುದೇ ಇಲ್ಲ. 2025ರಲ್ಲಿ ಒಂದು ಪಾಲಿಕೆ ಹೋಗಿ ಐದಾದವು. ಯಾವ ಪಾಲಿಕೆಯವರೇ ತಪಾಸಣೆಗೆ ಬರಲಿ, ಅಂದು ಮಂಚಗಳು ಗೋಡೆಗೆ ಒರಗುತ್ತವೆ, ನೆಲಕ್ಕೆ ನಾಲ್ಕು ಹನಿ ಇಂಜಿನ್ ಆಯಿಲ್ ಬೀಳುತ್ತದೆ. ಸಾಹೇಬರು, ಮಾಲೀಕರು ಹೊಸದಾಗಿ ಕಟ್ಟಿಸಿದ ಒಂಬತ್ತು ಗ್ರಾನೈಟ್ ಮೆಟ್ಟಿಲನ್ನು ಜೋಪಾನವಾಗಿ ಇಳಿದು ಬಂದು, ‘ಪಾರ್ಕಿಂಗ್ ಜಾಗ ಇದೆ’ ಎಂದು ಬರೆದುಕೊಂಡು, ಮತ್ತೆ ಅದೇ ಮೆಟ್ಟಿಲು ಹತ್ತಿ ಹೋಗುತ್ತಾರೆ.