ಜಾರ್ಜಿಯಾದ ಆ ಕೆಂಪು ಮ್ಯಾಪ್ ಇನ್ನು ಸಾಕು

ಮೊನ್ನೆ ಶನಿವಾರ ಆ ಮ್ಯಾಪ್ ಮತ್ತೆ ಬಂತು. ಗೆಳತಿಯ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಒಂದು ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಒಬ್ಬರು ಎಲ್ಲರಿಗೂ ತೋರಿಸುತ್ತಾ ಬಂದರು. ಅಮೆರಿಕದ 2020ರ ಅಧ್ಯಕ್ಷೀಯ ಚುನಾವಣೆ, ಜಾರ್ಜಿಯಾ ರಾಜ್ಯದ ಫಲಿತಾಂಶ, ಒಂದೊಂದು ಕೌಂಟಿಗೂ (ನಮ್ಮ ಜಿಲ್ಲೆಯ ಹಾಗೆ) ಬಣ್ಣ: ಟ್ರಂಪ್ ಗೆದ್ದಲ್ಲಿ ಕೆಂಪು, ಬೈಡನ್ ಗೆದ್ದಲ್ಲಿ ನೀಲಿ. "ನೀವೇ ನೋಡಿ, ಇಡೀ ರಾಜ್ಯ ಕೆಂಪು. ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕೆ. ಹೀಗಿರುವಾಗ ಬೈಡನ್ ಹೇಗ್ರೀ ಗೆದ್ದ? ಏನೋ ಗೋಲ್‌ಮಾಲ್ ಆಗಿದೆ" ಅಂದರು. ಮೂರ್ನಾಲ್ಕು ಜನ ತಲೆ ಆಡಿಸಿದರು. ಎಲ್ಲರೂ ಓದಿದವರು, ಕೆಲಸದಲ್ಲಿ ದಿನವಿಡೀ ಲೆಕ್ಕ ನೋಡುವವರು.

ಬೇರೆಯವರ ಮನೆ, ಹಬ್ಬದ ಊಟ ಅಂತ ಅಲ್ಲಿ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಲ್ಲ.

ಮ್ಯಾಪ್‌ನಲ್ಲಿರುವ ಬಣ್ಣಗಳು ಸರಿಯಾಗೇ ಇವೆ. ಜಾರ್ಜಿಯಾದಲ್ಲಿ 159 ಕೌಂಟಿಗಳಿವೆ. ಆ ಸಲ ಬೈಡನ್ ಗೆದ್ದದ್ದು 30ರಲ್ಲಿ, ಟ್ರಂಪ್ ಗೆದ್ದದ್ದು 129ರಲ್ಲಿ. ವೋಟಿನ ಲೆಕ್ಕವೂ ಸರಿಯಾಗೇ ಇದೆ. ಬೈಡನ್‌ಗೆ 24,73,633, ಟ್ರಂಪ್‌ಗೆ 24,61,854. ಅಂತರ 11,779. ಒಂದು ನೆಲದ ಲೆಕ್ಕ, ಇನ್ನೊಂದು ಜನರ ಲೆಕ್ಕ. ಚುನಾವಣೆಯ ಮಾತಾಡುವಾಗ ನೆಲದ ಲೆಕ್ಕ ಮುಂದಿಟ್ಟರೆ, ವೋಟರ್ ಲಿಸ್ಟ್ ಕೇಳಿದವರ ಕೈಗೆ ಪಹಣಿ ಕೊಟ್ಟ ಹಾಗೆ.

ಫ್ಲೋರಿಡಾ ಗಡಿಯಲ್ಲಿ ಎಕೋಲ್ಸ್ ಅಂತ ಒಂದು ಕೌಂಟಿ ಇದೆ. ಬಹುಪಾಲು ಪೈನ್ ಕಾಡು. 2020ರ ಜನಗಣತಿಯಲ್ಲಿ ಅಲ್ಲಿದ್ದವರು ನಾಲ್ಕು ಸಾವಿರಕ್ಕೂ ಕಡಿಮೆ. ಆ ಚುನಾವಣೆಯಲ್ಲಿ ಅಲ್ಲಿ ಬಿದ್ದ ವೋಟು ಒಂದೂವರೆ ಸಾವಿರದೊಳಗೆ. ಅಟ್ಲಾಂಟಾ ನಗರ ಇರುವ ಫುಲ್ಟನ್ ಕೌಂಟಿಯಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಜನ, ಐದು ಲಕ್ಷಕ್ಕೂ ಜಾಸ್ತಿ ವೋಟು. ಮ್ಯಾಪ್‌ನಲ್ಲಿ ಮಾತ್ರ ಎಕೋಲ್ಸ್ ಫುಲ್ಟನ್‌ಗಿಂತ ಸ್ವಲ್ಪವೇ ಚಿಕ್ಕದಾಗಿ ಕಾಣುತ್ತದೆ.

ಈ ಬಣ್ಣಗಳ ಅಡಿಯಲ್ಲಿ ಯಾರು ಯಾರು ಮರೆಯಾಗುತ್ತಾರೆ ನೋಡಿ. ನಾನಿರುವ ಫೋರ್ಸೈತ್ ಕೌಂಟಿ ಮ್ಯಾಪ್‌ನಲ್ಲಿ ಗಾಢ ಕೆಂಪು. ನಾನು ಬೈಡನ್‌ಗೆ ಹಾಕಿದ್ದೆ ಅನ್ನೋದು ನಿಮಗೆಲ್ಲ ಗೊತ್ತು. ನನ್ನ ಹಾಗೆ ಇಲ್ಲಿ 40 ಸಾವಿರಕ್ಕೂ ಜಾಸ್ತಿ ಜನ ಹಾಕಿದ್ದರು. ಆ ಕೆಂಪಿನಲ್ಲಿ ನಾವಿಲ್ಲ. ನಮ್ಮದು ಬಿಡಿ, ಟ್ರಂಪ್‌ಗೆ ಹಾಕಿದವರ ಗತಿ ಇನ್ನೂ ಸ್ವಾರಸ್ಯ. 2020ರಲ್ಲಿ ಜಾರ್ಜಿಯಾದಲ್ಲಿ ಟ್ರಂಪ್‌ಗೆ ಅತಿ ಹೆಚ್ಚು ವೋಟು ಕೊಟ್ಟ ಮೂರು ಕೌಂಟಿಗಳು ಯಾವುವು ಅಂದುಕೊಂಡಿರಿ? ಗ್ವಿನೆಟ್, ಕಾಬ್, ಫುಲ್ಟನ್. ಗ್ವಿನೆಟ್‌ನಲ್ಲಿ 1.66 ಲಕ್ಷ, ಕಾಬ್‌ನಲ್ಲಿ 1.65 ಲಕ್ಷ, ಫುಲ್ಟನ್‌ನಲ್ಲಿ 1.37 ಲಕ್ಷ. ಮೂರೂ ಮ್ಯಾಪ್‌ನಲ್ಲಿ ನೀಲಿ! ಆ ಯಾವ ಕೆಂಪು ಹಳ್ಳಿ ಕೌಂಟಿಯೂ ಅದರ ಹತ್ತಿರಕ್ಕೂ ಬರುವುದಿಲ್ಲ. ಮೊನ್ನೆ ಫೋನು ತೋರಿಸಿದವರು ಇರುವುದೂ ಗ್ವಿನೆಟ್‌ನಲ್ಲೇ. ಅವರು ಟ್ರಂಪ್‌ಗೆ ಹಾಕಿದ್ದನ್ನು ತಾವೇ ಹೇಳಿಕೊಂಡಿದ್ದಾರೆ. ಅವರ ವೋಟೇ ಆ ಮ್ಯಾಪ್‌ನಲ್ಲಿ ಕಾಣುವುದಿಲ್ಲ, ಅದನ್ನೇ ಸಾಕ್ಷಿ ಅಂತ ಹಿಡಿದುಕೊಂಡು ಓಡಾಡುತ್ತಾರೆ.

ನನಗೆ ಇಷ್ಟು ಸಿಟ್ಟು ಬರುವುದಕ್ಕೆ ಇನ್ನೊಂದು ಕಾರಣ ಇದೆ. ಕೌಂಟಿಗಳನ್ನು ಎಣಿಸಿ ಗೆದ್ದವರನ್ನು ಆರಿಸುವ ಪದ್ಧತಿ ಇದೇ ಜಾರ್ಜಿಯಾದಲ್ಲಿ ನಿಜವಾಗಿ ಇತ್ತು. ಅದರ ಹೆಸರು ಕೌಂಟಿ ಯೂನಿಟ್ ಸಿಸ್ಟಮ್. 1917ರಲ್ಲಿ ಅದನ್ನು ಕಾನೂನು ಮಾಡಿದರು. ಆಗ ಇಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ, ಗೆದ್ದರೆ ಮುಗೀತು, ಗವರ್ನರ್ ಆದ ಹಾಗೇ. ಆ ಪ್ರೈಮರಿಯಲ್ಲಿ ಜನರ ವೋಟನ್ನು ರಾಜ್ಯಕ್ಕೆಲ್ಲ ಸೇರಿಸಿ ಕೂಡುತ್ತಿರಲಿಲ್ಲ. ದೊಡ್ಡ 8 ಕೌಂಟಿಗಳಿಗೆ ತಲಾ 6 ಯೂನಿಟ್, ಮುಂದಿನ 30ಕ್ಕೆ ತಲಾ 4, ಉಳಿದ 121ಕ್ಕೆ ತಲಾ 2. ಕೌಂಟಿಯಲ್ಲಿ ಮುಂದಿದ್ದವರಿಗೆ ಅದರ ಯೂನಿಟ್ ಪೂರ್ತಿ. ಅಂದರೆ ಮೂರು ಪುಟ್ಟ ಕೌಂಟಿ ಸೇರಿದರೆ ಇಡೀ ಫುಲ್ಟನ್‌ಗೆ ಸಮ. 1960ರ ಹೊತ್ತಿಗೆ ರಾಜ್ಯದ ನೂರರಲ್ಲಿ 14 ಜನ ಫುಲ್ಟನ್‌ನಲ್ಲಿದ್ದರು. ಒಟ್ಟು 410 ಯೂನಿಟ್‌ಗಳಲ್ಲಿ ಅವರ ಪಾಲು 6.

ಇದರಿಂದ ಯಾರಿಗೆ ಲಾಭ ಆಯಿತು ಅನ್ನೋದು ಗುಟ್ಟೇನಲ್ಲ. 1946ರಲ್ಲಿ ಜೇಮ್ಸ್ ಕಾರ್ಮೈಕಲ್ ಅನ್ನುವವರಿಗೆ ಜನರ ವೋಟು ಜಾಸ್ತಿ ಬಿತ್ತು. ಗೆದ್ದದ್ದು ಯೂಜೀನ್ ಟಾಲ್ಮೆಜ್, ಯೂನಿಟ್ ಲೆಕ್ಕದಲ್ಲಿ. ಕಪ್ಪು ಜನ ಪ್ರೈಮರಿಯಲ್ಲಿ ವೋಟು ಹಾಕದಂತೆ ತಡೆದಿದ್ದ ಬೇಲಿಯನ್ನು ಕೋರ್ಟು ಮುರಿದದ್ದು ಆಗಷ್ಟೇ. ಅವರು ಅಟ್ಲಾಂಟಾದಲ್ಲಿ ಸಾಲುಗಟ್ಟಿ ಬಂದು ವೋಟು ಹಾಕಿದರೂ ಆ ವೋಟಿಗೆ ತೂಕ ಬಾರದ ಹಾಗೆ ನೋಡಿಕೊಂಡದ್ದು ಈ ಯೂನಿಟ್ ಲೆಕ್ಕ. ಕೊನೆಗೆ ಫುಲ್ಟನ್‌ನ ಒಬ್ಬ ಮತದಾರ ಕೋರ್ಟಿಗೆ ಹೋದರು. ಗ್ರೇ ವಿರುದ್ಧ ಸ್ಯಾಂಡರ್ಸ್ ಮೊಕದ್ದಮೆ. ಆಗ ಅಟಾರ್ನಿ ಜನರಲ್ ಆಗಿದ್ದ ರಾಬರ್ಟ್ ಕೆನಡಿ ತಾವೇ ಸುಪ್ರೀಂ ಕೋರ್ಟಿನಲ್ಲಿ ನಿಂತು ಈ ಪದ್ಧತಿಯ ವಿರುದ್ಧ ವಾದಿಸಿದರು. ಎಕೋಲ್ಸ್‌ನ ಒಬ್ಬರ ತೂಕ ಫುಲ್ಟನ್‌ನ 99 ಜನರಿಗೆ ಸಮ ಆಗುತ್ತಿತ್ತು ಅನ್ನುವ ಲೆಕ್ಕ ಆ ತೀರ್ಪಿನಲ್ಲೇ ಇದೆ. ನಾನು ಮೇಲೆ ಹೇಳಿದ ಅದೇ ಎಕೋಲ್ಸ್. 1963ರ ಮಾರ್ಚ್‌ನಲ್ಲಿ 8-1ರ ತೀರ್ಪು ಬಂತು. ಒಬ್ಬ ವ್ಯಕ್ತಿ, ಒಂದು ವೋಟು. ಅಮೆರಿಕದ ಸುಪ್ರೀಂ ಕೋರ್ಟ್ ಈ ಮಾತನ್ನು ಬರೆದದ್ದೇ ನಮ್ಮ ರಾಜ್ಯದ ಕೇಸಿನಲ್ಲಿ. ಕೆಂಪು ಮ್ಯಾಪ್ ತೋರಿಸಿ "ಹೇಗೆ ಗೆದ್ದ" ಅಂತ ಕೇಳುವವರು ಆ ಹಳೇ ಲೆಕ್ಕವನ್ನೇ ವಾಪಸ್ ಕೇಳುತ್ತಿದ್ದಾರೆ. ಗೊತ್ತಿದ್ದು ಕೇಳುತ್ತಾರೋ ಗೊತ್ತಿಲ್ಲದೆಯೋ, ಕೇಳುವುದಂತೂ ಅದನ್ನೇ.

ಅಧ್ಯಕ್ಷರ ಆಯ್ಕೆಯಲ್ಲೇ ರಾಜ್ಯಗಳ ಲೆಕ್ಕ ಇದೆಯಲ್ಲ, ಒಂದೊಂದು ರಾಜ್ಯಕ್ಕೂ ಇಂತಿಷ್ಟು ವೋಟು ಅಂತ ಕೊಡುವ ಎಲೆಕ್ಟೋರಲ್ ಕಾಲೇಜ್ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಇದೆ. ಜಾರ್ಜಿಯಾದ 16 ಎಲೆಕ್ಟೋರಲ್ ವೋಟು ಒಬ್ಬರಿಗೇ ಹೋಗುತ್ತದೆ. ಆದರೆ ಆ ಒಬ್ಬರು ಯಾರು ಅಂತ ತೀರ್ಮಾನ ಆಗುವುದು ರಾಜ್ಯದೊಳಗೆ ಬಿದ್ದ ಎಲ್ಲ ವೋಟು ಕೂಡಿಸಿದ ಮೇಲೆ. ಅಲ್ಲಿ ಕೌಂಟಿಗೆ ಯಾವ ಪಾತ್ರವೂ ಇಲ್ಲ. ಎಲೆಕ್ಟೋರಲ್ ಕಾಲೇಜಿನ ಹೋಲಿಕೆ ಇಲ್ಲಿಗೆ ಹೊಂದುವುದಿಲ್ಲ ಅಂತ 1963ರಲ್ಲೇ ಕೋರ್ಟ್ ಹೇಳಿ ಆಗಿದೆ.

ಇನ್ನೊಂದು ಮಾತು, ಹಳ್ಳಿಯವರ ದನಿ ಅಟ್ಲಾಂಟಾದ ಗದ್ದಲದಲ್ಲಿ ಕೇಳಿಸದೆ ಹೋಗುತ್ತದೆ ಅನ್ನೋದು. ನಾನೂ ಹಳ್ಳಿಯಿಂದ ಬಂದವಳು, ಆ ಸಂಕಟ ನನಗೆ ಗೊತ್ತು. ಆದರೆ ಹಳ್ಳಿ ಅಂದರೆ ಕೆಂಪು ಅಂತ ಯಾರು ಹೇಳಿದರು? ಬೈಡನ್ ಗೆದ್ದ 30ರಲ್ಲಿ ಹ್ಯಾನ್‌ಕಾಕ್ ಇದೆ, ರಾಂಡಾಲ್ಫ್ ಇದೆ, ಟಾಲಿವರ್ ಇದೆ. ಟಾಲಿವರ್‌ನಲ್ಲಿ ಎರಡು ಸಾವಿರ ಜನರೂ ಇಲ್ಲ. ಹಿಂದೆ ಗುಲಾಮರನ್ನು ದುಡಿಸಿ ಹತ್ತಿ ಬೆಳೆಸಿದ ನೆಲ ಅದು. ಅವರ ಮೊಮ್ಮಕ್ಕಳು ಮರಿಮಕ್ಕಳು ಇವತ್ತೂ ಅಲ್ಲೇ ಇದ್ದಾರೆ. ರಾಂಡಾಲ್ಫ್ ಕೌಂಟಿಯ ಕತ್‌ಬರ್ಟ್ ಊರಿನಲ್ಲಿದ್ದ ಆಸ್ಪತ್ರೆಗೆ 2020ರ ಅಕ್ಟೋಬರ್‌ನಲ್ಲಿ ಬೀಗ ಬಿತ್ತು. ಕೋವಿಡ್ ನಡುವೆ, ಚುನಾವಣೆಗೆ ಕೆಲವೇ ವಾರ ಇರುವಾಗ. ಹಳ್ಳಿಯ ಸಂಕಟ ಅಂದರೆ ಇದು. ಮ್ಯಾಪ್ ಹಿಡಿದು ಹಳ್ಳಿಯ ಪರ ಮಾತಾಡುವ ಯಾರ ಬಾಯಲ್ಲೂ ನಾನು ಕತ್‌ಬರ್ಟ್ ಹೆಸರು ಕೇಳಿಲ್ಲ.

"ಸುಮ್ನೆ ಒಂದು ಮ್ಯಾಪ್ ಅಲ್ವಾ, ಅದಕ್ಕೆ ಯಾಕಿಷ್ಟು" ಅಂತ ಗೆಳತಿ ಆಮೇಲೆ ಫೋನಿನಲ್ಲಿ ಕೇಳಿದಳು. ಯಾಕೆ ಅಂದರೆ ಅನುಮಾನ ಮೊಳೆಯುವುದೇ ಅಲ್ಲಿ. ಇಷ್ಟು ಕೆಂಪಿದ್ದರೂ ಸೋತರು ಅಂದರೆ ನೀಲಿ ಊರಿನಲ್ಲಿ ಯಾರೋ ಕದ್ದಿರಬೇಕು, ಅಲ್ವಾ? ಆ ಯಾರೋ ಯಾರು? ಫುಲ್ಟನ್‌ನಲ್ಲಿ ರಾತ್ರಿ ಕೂತು ಅಂಚೆ ಮತ ಎಣಿಸಿದ ತಾಯಿ ಮಗಳು, ಇಬ್ಬರೂ ಕಪ್ಪು ಹೆಂಗಸರು, ಗುರಿಯಾದರು. ತಾಯಿ ಮಗಳ ಕೈಗೆ ಏನೋ ದಾಟಿಸಿದ ವಿಡಿಯೋ ಇಟ್ಟುಕೊಂಡು, ಅದು ಯುಎಸ್‌ಬಿ ಡ್ರೈವ್ ಅಂತ ಟ್ರಂಪ್ ಪರ ವಕೀಲ ರೂಡಿ ಜೂಲಿಯಾನಿ ಆರೋಪ ಹೊರಿಸಿದರು. ಅದು ಶುಂಠಿ ಪೆಪ್ಪರ್‌ಮೆಂಟು. ಮಗಳು 2022ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಹಾಗೆ ಹೇಳಿದಾಗ ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಕೊಲೆ ಬೆದರಿಕೆಗೆ ಹೆದರಿ ಆ ತಾಯಿ ಮನೆ ಬಿಟ್ಟು ಬೇರೆ ಕಡೆ ಇರಬೇಕಾಯಿತು. 2023ರ ಡಿಸೆಂಬರ್‌ನಲ್ಲಿ ಜೂರಿ ಆ ತಾಯಿ ಮಗಳಿಗೆ ಜೂಲಿಯಾನಿ 14.8 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಹೇಳಿತು. ಕಳೆದುಹೋದ ನೆಮ್ಮದಿಗೆ ಅದು ಸಾಕಾಗುತ್ತದಾ, ನೀವೇ ಹೇಳಿ.

ನಾನು ಬೂತಿನಲ್ಲಿ ಕೆಲಸ ಮಾಡಿದ್ದೇನೆ, ಅದಕ್ಕೇ ಇದು ಒಳಗೆ ಚುಚ್ಚುತ್ತದೆ. ಬೆಳಿಗ್ಗೆ 7ಕ್ಕೆ ಬಾಗಿಲು ತೆಗೆಯಬೇಕು ಅಂದರೆ ನಾವು ಕತ್ತಲಿರುವಾಗಲೇ ಅಲ್ಲಿರಬೇಕು. ಮತದಾರರು ಆರಿಸಿದ ಅಭ್ಯರ್ಥಿಗಳ ಹೆಸರುಗಳು ಮೆಷಿನ್ನಿನಿಂದ ಕಾಗದದ ಮೇಲೆ ಅಚ್ಚಾಗಿ ಬರುತ್ತವೆ, ಮತದಾರರು ಓದಿ ನೋಡಿ ಸ್ಕ್ಯಾನರ್‌ಗೆ ಹಾಕುತ್ತಾರೆ, ಪೀಚ್ ಹಣ್ಣಿನ ಸ್ಟಿಕ್ಕರ್ ಅಂಟಿಸಿಕೊಂಡು ಹೋಗುತ್ತಾರೆ. ರಾತ್ರಿ ಸ್ಕ್ಯಾನರ್ ಉದ್ದನೆಯ ಚೀಟಿಯಲ್ಲಿ ಮೊತ್ತ ಕಕ್ಕುತ್ತದೆ. ಅದರ ಒಂದು ಪ್ರತಿಯನ್ನು ಯಾರು ಬೇಕಾದರೂ ಓದಲಿ ಅಂತ ಬಾಗಿಲಿಗೆ ಅಂಟಿಸುತ್ತೇವೆ. ಕಾಗದ ಇದ್ದದ್ದರಿಂದಲೇ 2020ರಲ್ಲಿ ಸುಮಾರು 50 ಲಕ್ಷ ವೋಟನ್ನು ಕೈಯಲ್ಲೇ ಮತ್ತೆ ಎಣಿಸಲು ಆಯಿತು. ಮೊದಲು ಮೆಷಿನ್, ಆಮೇಲೆ ಕೈ, ಆಮೇಲೆ ಟ್ರಂಪ್ ಕಡೆಯವರು ಕೇಳಿದ್ದಕ್ಕೆ ಇನ್ನೊಮ್ಮೆ ಮೆಷಿನ್. ಮೂರರಲ್ಲೂ ಗೆದ್ದವರು ಒಬ್ಬರೇ. ಇದನ್ನೆಲ್ಲ ಮಾಡಿಸಿದ, ಆಗ ರಾಜ್ಯದ ಚುನಾವಣೆಗಳ ಹೊಣೆ ಹೊತ್ತಿದ್ದ ಬ್ರಾಡ್ ರಾಫೆನ್ಸ್‌ಪರ್ಗರ್ ರಿಪಬ್ಲಿಕನ್, ಅಂದರೆ ಟ್ರಂಪ್ ಪಕ್ಷದವರೇ. ಆಗಿನ ಗವರ್ನರ್ ಬ್ರಯನ್ ಕೆಂಪ್ ಕೂಡ ರಿಪಬ್ಲಿಕನ್. ಅದೇ ರಾಫೆನ್ಸ್‌ಪರ್ಗರ್‌ಗೆ 2021ರ ಜನವರಿ 2ರಂದು ಟ್ರಂಪ್ ಫೋನ್ ಮಾಡಿ, ನನಗೆ 11,780 ವೋಟು ಹುಡುಕಬೇಕು ಅಂದರು. ಬೇಕಿದ್ದದ್ದು ವೋಟು ಅಂತ ಅವರಿಗೂ ಗೊತ್ತಿತ್ತು. 129 ಕೌಂಟಿ ಕೈಯಲ್ಲಿತ್ತಲ್ಲ, ಅದನ್ನು ಅವರು ಲೆಕ್ಕಕ್ಕೇ ತರಲಿಲ್ಲ.

2024ರಲ್ಲಿ ಟ್ರಂಪ್ ಜಾರ್ಜಿಯಾ ಗೆದ್ದರು, ಸುಮಾರು 1.15 ಲಕ್ಷ ವೋಟಿನಿಂದ. ಎದುರು ನಿಂತ ಕಮಲಾ ಹ್ಯಾರಿಸ್‌ಗೆ ಬಿದ್ದದ್ದು 25.48 ಲಕ್ಷ, ಅಂದರೆ 2020ರಲ್ಲಿ ಗೆದ್ದ ಬೈಡನ್‌ಗಿಂತ ಜಾಸ್ತಿ. ಟ್ರಂಪ್‌ಗೆ ಅದಕ್ಕೂ ಜಾಸ್ತಿ, 26.63 ಲಕ್ಷ. ಕೆಲವು ಕೌಂಟಿ ಬಿಟ್ಟರೆ ಮ್ಯಾಪ್ ಹೆಚ್ಚುಕಡಿಮೆ ಹಾಗೇ ಇತ್ತು. ಬದಲಾದದ್ದು ಬಂದು ವೋಟು ಹಾಕಿದವರ ಸಂಖ್ಯೆ. ಅವತ್ತು ರಾತ್ರಿ ನನಗೆ ತುಂಬಾ ನೋವಾಯಿತು. ಆದರೂ ಎಣಿಸಿದವರ ಮೇಲೆ ಒಂದು ಕ್ಷಣವೂ ಅನುಮಾನ ಬರಲಿಲ್ಲ.

2020ರ ಬಗ್ಗೆ ಈಗಲೂ ಅನುಮಾನ ಇದ್ದವರು ಕೆಳಗೆ ಬರೆಯಿರಿ, ಬ್ಲಾಕ್ ಮಾಡಲ್ಲ, ಬೈಯಲ್ಲ. ಆದರೆ ಬಣ್ಣದ ಚಿತ್ರ ಬೇಡ. ಯಾವ ಕೌಂಟಿ, ಯಾವ ಎಣಿಕೆ, ಎಷ್ಟು ವೋಟು ವ್ಯತ್ಯಾಸ ಅಂತ ಬರೆಯಿರಿ. ಕೂತು ಒಂದೊಂದಾಗಿ ನೋಡೋಣ.