ಸಾಲ್ವೆಂಟ್ ಟೆಸ್ಟ್ ಮಾಡಿದಾರಾ ಮೊದಲು ನೋಡಿ

ಕ್ಯಾಲಿಫೋರ್ನಿಯಾದಲ್ಲಿ ಹಳೇ ಗ್ಯಾರೇಜ್ ಜಾಗದ ಅಂತರ್ಜಲ ಪೂರ್ತಿ ಕ್ಲೀನ್ ಆಗದೇನೇ ವಾಟರ್ ಬೋರ್ಡ್‌ನವರು (ಅಲ್ಲಿನ ನೀರಿನ ಗುಣಮಟ್ಟ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಕ್ಲೀನಪ್ ಕೇಸ್ ಮುಚ್ತಾರೆ, ಅದು ತಪ್ಪು ಅಂತ ಬರ್ದಿದೀರಿ, ಅದನ್ನ ಪೂರ್ತಿಯಾಗಿ ಒಪ್ಪೋಕಾಗಲ್ಲ ಸರ್. 2012ರ ಲೋ ಥ್ರೆಟ್ ಪಾಲಿಸಿ (ಅಪಾಯ ಕಮ್ಮಿ ಇರೋ ಕೇಸ್ ಮುಚ್ಚೋ ನಿಯಮ) ಪ್ರಕಾರ ನೆಲದಡಿ ಪೆಟ್ರೋಲ್ ಟ್ಯಾಂಕಿನ ಲೀಕ್ ನಿಂತಿದ್ದು, ಪೆಟ್ರೋಲ್ ಅಂಶ ಮುಂದಕ್ಕೆ ಹರಡ್ತಾ ಇಲ್ಲ, ಕುಡಿಯೋ ನೀರಿನ ಬಾವಿನೂ ದೂರ ಅಂದ್ರೆ ಪೆಟ್ರೋಲಲ್ಲಿರೋ ಬೆಂಜೀನ್ ಅನ್ನೋ ವಿಷದ ಅಂಶ ಸ್ವಲ್ಪ ಉಳಿದಿದ್ರೂ ಮುಚ್ಚಬಹುದು, ಯಾಕಂದ್ರೆ ಮಣ್ಣಲ್ಲಿರೋ ಬ್ಯಾಕ್ಟೀರಿಯಾನೇ ಅದನ್ನ ನಿಧಾನಕ್ಕೆ ತಿಂದುಹಾಕುತ್ತೆ. ನನಗೆ ಡೌಟ್ ಇರೋದು ಬೇರೆ ಕಡೆ. ಗ್ಯಾರೇಜ್ ಅಂದ್ಮೇಲೆ ಪಾರ್ಟ್ಸ್ ತೊಳೆಯೋ ಸಾಲ್ವೆಂಟೂ ಚೆಲ್ಲಿರತ್ತಲ್ವಾ, ಟಿಸಿಇ, ಪಿಸಿಇ ಅನ್ನೋ ಕ್ಲೋರಿನ್ ಇರೋ ಕೆಮಿಕಲ್ ಥರದ್ದು, ಅವು ನೀರಿಗಿಂತ ಭಾರ, ತಳಕ್ಕೇ ಇಳಿಯುತ್ವೆ, ಈ ಪಾಲಿಸಿ ಪೆಟ್ರೋಲಿಯಂಗೆ ಮಾತ್ರ, ಅವಕ್ಕಲ್ಲ. ವಾಟರ್ ಬೋರ್ಡ್‌ನ ಜಿಯೋಟ್ರ್ಯಾಕರ್‌ ವೆಬ್‌ಸೈಟಲ್ಲಿ ಮಾನಿಟರಿಂಗ್ ಬಾವಿಗಳ (ನೀರು ಟೆಸ್ಟ್ ಮಾಡೋಕೆ ತೋಡಿರೋ ಬಾವಿ) ರಿಪೋರ್ಟ್ ಯಾರು ಬೇಕಾದ್ರೂ ನೋಡಬಹುದು. ಮುಚ್ಚೋಕ್ ಮುಂಚೆ ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು 60 ದಿನ ಟೈಮ್ ಕೊಡ್ತಾರೆ, ಅಷ್ಟ್ರೊಳಗೇ ಸಾಲ್ವೆಂಟ್ ಟೆಸ್ಟ್ ಮಾಡಿದಾರಾ ಅಂತ ಕೇಳ್ಬಿಡಿ.